ಬೀಗ ಹಾಕಿದ ವಾಡೆಯಲ್ಲಿ ಒಂದು ರವಿವಾರ

ಮಕ್ಕಳಿಗೆ ಕಾಡುಪ್ರಾಣಿ ತೋರಿಸಬೇಕೆಂದರೆ ಕಲಬುರಗಿಯವರು ದೂರದ ಊರಿನ ಲೆಕ್ಕ ಹಾಕುತ್ತೇವೆ. ಬಂಡೀಪುರ, ದಾಂಡೇಲಿ, ಬಹಳವಾದರೆ ಜಿಲ್ಲೆಯ ಆ ತುದಿಗಿರುವ ಚಿಂಚೋಳಿಯ ವನ್ಯಜೀವಿ ಧಾಮ. ಈ ತುದಿಗೆ, ಆಳಂದ, ಅಫಜಲಪುರ, ಜೇವರ್ಗಿ ಕಡೆಗೆ ಯಾರೂ ಅದಕ್ಕೆಂದು ಹೋಗುವುದಿಲ್ಲ. ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಹೋಗುತ್ತಾರೆ, ಘತ್ತರಗಿಯ ಭಾಗ್ಯವಂತಿಗೆ ನಡೆದುಕೊಳ್ಳುತ್ತಾರೆ, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಹೋಗುತ್ತಾರೆ. ಉಳಿದಂತೆ ತೊಗರಿ, ಜೋಳ, ಕಬ್ಬು, ಎರೆಮಣ್ಣು, ಬಿಸಿಲು. ‘ಅಲ್ಲೇನದ ನೋಡ್ಲಕ?’ ಎಂದು ನನ್ನ ಮಗಳೇ ಕೇಳಿದಳು.

ನಾನು ಹಟ ಹಿಡಿದದ್ದಕ್ಕೆ ಕಾರಣವಿತ್ತು. ಹೋದ ವರ್ಷ ಮದುವೆಯೊಂದಕ್ಕೆ ಆ ಕಡೆಯ ಒಂದು ಊರಿಗೆ ಹೋಗಿದ್ದೆವು. ಊಟ ಮುಗಿಸಿ ಹೊರಗೆ ಬರುವಾಗ ಹೊತ್ತು ಮುಳುಗಿತ್ತು. ಹಳೆಯ ವಾಡೆಯ ಗೋಡೆಯೊಳಗಿನಿಂದ ಬೆಳ್ಳನೆಯ ಹಕ್ಕಿಯೊಂದು ಹೊರಬಿದ್ದು ನನ್ನ ತಲೆಯ ಮೇಲಿಂದಲೇ ಹಾದುಹೋಯಿತು. ಪಾರಿವಾಳ ಹಾರಿದರೂ ಪಟಪಟ ಸದ್ದು ಕೇಳುತ್ತದೆ. ಇದು ಅದಕ್ಕಿಂತ ದೊಡ್ಡದು, ರೆಕ್ಕೆ ಬಡಿದದ್ದೂ ಕೇಳಲಿಲ್ಲ. ಅವತ್ತಿನಿಂದ ಆ ವಾಡೆ ನನ್ನ ತಲೆಯಲ್ಲಿ ಕೂತಿತ್ತು.

ವಾಡೆಯ ಮನೆತನದವರು ಈಗ ಬೇರೆ ಊರಲ್ಲಿದ್ದಾರೆ. ಪರಿಚಯದವರ ಮೂಲಕ ಫೋನಿನಲ್ಲಿ ಕೇಳಿಕೊಂಡೆ. ಒಂದು ದಿನ ಒಳಗೆಲ್ಲ ಓಡಾಡಿ ನೋಡಿ, ಆದರೆ ಬರೆಯುವುದಾದರೆ ಊರ ಹೆಸರು, ಮನೆತನದ ಹೆಸರು ಬೇಡ ಎಂದರು. ನಿಧಿ ಆಸೆಗೆ ರಾತ್ರಿ ಬಂದು ಅಗೆಯುವವರ ಕಾಟ ಅವರಿಗೆ. ನನಗೂ ಅದೇ ಸರಿ ಅನ್ನಿಸಿತು. ಅಮಾವಾಸ್ಯೆಯ ಮಾಟಕ್ಕೆಂದು ಗೂಗೆ ಹಿಡಿದು ಮಾರುವವರೂ ಇದ್ದಾರೆ. ಯಾವ ಗೋಡೆಯ ಯಾವ ಕಿಂಡಿಯಲ್ಲಿ ಗೂಗೆಯಿದೆ ಎಂದು ವಿಳಾಸ ಬರೆದುಕೊಟ್ಟ ಹಾಗೆ ಆಗಬಾರದು. ಹಾಗಾಗಿ ಈ ಮೂರು ತಾಲ್ಲೂಕುಗಳ ನಡುವೆ, ಭೀಮಾ ನದಿಯಿಂದ ಬಹಳ ದೂರವಿಲ್ಲದ ಒಂದು ಊರು ಎಂದಷ್ಟೇ ತಿಳಿಯಿರಿ.

ಎಳ್ಳಮಾವಾಸ್ಯೆ ಮುಗಿದು ಮೂರನೇ ರವಿವಾರ ಹೊರಟೆವು. ನಾನು, ನಮ್ಮ ಮನೆಯವರು, ಹನ್ನೊಂದರ ಮಗಳು, ಏಳರ ಮಗ, ಮತ್ತು ಎಪ್ಪತ್ತೆರಡರ ನಮ್ಮ ಅತ್ತೆ. ಅತ್ತೆಯ ತವರು ಅಫಜಲಪುರ ತಾಲ್ಲೂಕಿನ ಹೊಳೆದಂಡೆಯ ಹಳ್ಳಿ. ಚರಗ ಚೆಲ್ಲುವ ದಿನ ಹೊಲಕ್ಕೆ ಹೋಗುವ ಹಾಗೆಯೇ ಬುತ್ತಿ ಕಟ್ಟಿದ್ದರು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮಗಳ ಕೈಯಲ್ಲಿ ನೂರು ಹಾಳೆಯ ನೋಟ್‌ಬುಕ್ಕು. ಕಂಡದ್ದನ್ನೆಲ್ಲ ಬರೆಯುವುದು, ಖಾತ್ರಿ ಇಲ್ಲದ್ದರ ಮುಂದೆ ಪ್ರಶ್ನಾರ್ಥಕ ಹಾಕುವುದು ಎಂದು ಮೊದಲೇ ಮಾತಾಗಿತ್ತು.

ನಸುಕಿನ ಐದೂವರೆಗೆ ಮನೆ ಬಿಟ್ಟೆವು. ಊರು ಇನ್ನೂ ಮೂರು ಕಿಲೋಮೀಟರ್ ಇರುವಾಗ ಅತ್ತೆ ಕಾರು ನಿಲ್ಲಿಸಲು ಹೇಳಿದರು. ಮಂಜು ಆಗತಾನೆ ಹರಿಯುತ್ತಿತ್ತು. ಕೊಯ್ದ ತೊಗರಿಯ ಕೂಳೆ ಒಂದು ಕಡೆ, ತೆನೆ ಹಿರಿದ ಬಿಳಿಜೋಳ ಒಂದು ಕಡೆ, ನಡುವೆ ಕಡಲೆ ಹೊಲ. ನಮಗೆ ಏನೂ ಕಾಣಲಿಲ್ಲ. ‘ಚಿಗರಿ ನೋಡವಾ’ ಎಂದು ಮೊಮ್ಮಗಳ ಗದ್ದ ಹಿಡಿದು ತಿರುಗಿಸಿದರು. ಮಣ್ಣಿನ ಹೆಂಟೆ ಎಂದುಕೊಂಡದ್ದು ಕಿವಿ ಅಲುಗಿಸಿತು. ಆಮೇಲೆ ಒಂದೊಂದಾಗಿ ಕಂಡವು. ಹೆಣ್ಣುಗಳು ತೊಗರಿಬೇಳೆಯ ಬಣ್ಣ, ಕೊಂಬಿಲ್ಲ. ಗಂಡು ಒಂದೇ ಒಂದು, ಬೆನ್ನು ಕರ್ರಗೆ, ಹೊಟ್ಟೆ ಬೆಳ್ಳಗೆ, ಹುರಿ ಹೊಸೆದಂಥ ಕೊಂಬು. ಪುಸ್ತಕದ ಕೃಷ್ಣಮೃಗ ಎಂದರೆ ಇದೇ ಎಂದು ಮಗನಿಗೆ ನಂಬಿಸಲು ಸ್ವಲ್ಪ ಹೊತ್ತು ಬೇಕಾಯಿತು. ಅವನ ಪಾಲಿಗೆ ಕೃಷ್ಣಮೃಗ ಕಾಡಿನಲ್ಲಿರಬೇಕು. ಎಣಿಸಿದೆವು. ಮಗಳದು ಹದಿನೇಳು, ಅವರಪ್ಪನದು ಹತ್ತೊಂಬತ್ತು. ಮಲಗಿದ್ದ ಮರಿಗಳ ಲೆಕ್ಕದಲ್ಲಿ ಇಬ್ಬರಿಗೂ ಕೂಡಿಬರಲಿಲ್ಲ.

ಬದುವಿನ ಮೇಲೆ ಹೊಲದ ಯಜಮಾನರು ಬಂದರು. ನಾವು ಸಂತೋಷಪಡುತ್ತಿದ್ದುದನ್ನು ಸುಮ್ಮನೆ ನೋಡಿ, ‘ನೋಡ್ಲಕ ಚಂದ ಅವ ಅಕ್ಕೋರ. ರಾತ್ರಿ ಬಂದು ಕಡ್ಲಿ ಚಿಗುರು ತಿಂದು ಹೋದ್ರ ನಾವೇನ್ ತಿನ್ನಬೇಕು?’ ಎಂದರು. ಉತ್ತರ ಕೊಡಲು ನನ್ನ ಹತ್ತಿರ ಏನಿತ್ತು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿಗರಿಗೆ ಹುಲಿಯಷ್ಟೇ ರಕ್ಷಣೆ ಕೊಟ್ಟಿದೆ. ಆದರೆ ಹುಲಿ ಕಾಡಿನಲ್ಲಿ ಬೇಟೆ ಹುಡುಕುತ್ತದೆ, ಚಿಗರಿಗೆ ಉಳಿದಿರುವುದು ಈ ಮನುಷ್ಯನ ಹೊಲ. ಊರ ಗಾಯರಾಣವೆಲ್ಲ ಸಾಗುವಳಿಗೆ ಹೋಯಿತು, ಉಳಿದದ್ದರಲ್ಲಿ ಬಳ್ಳಾರಿ ಜಾಲಿ ಬೆಳೆದು ಹುಲ್ಲು ಸತ್ತಿತು ಎಂದು ಅವರೇ ಹೇಳಿದರು. ಅವರಿಗೆ ಚಿಗರಿ ಬಗ್ಗೆ ಸಿಟ್ಟಿಲ್ಲ, ಕಡಲೆ ಬಗ್ಗೆ ಚಿಂತೆ ಇದೆ. ಹೋಗುವಾಗ ಮಕ್ಕಳ ಕೈಗೆ ಹಸಿ ಕಡಲೆಗಿಡ ಕಿತ್ತು ಕೊಟ್ಟರು.

ಅಗಸಿ ದಾಟಿ ಊರೊಳಗೆ ಎರಡು ತಿರುವು ತಿರುಗಿದರೆ ವಾಡೆ. ಗೋಡೆ ಕರಿಕಲ್ಲಿನದು, ಗಚ್ಚಿನ ಕೆಲಸ. ಆಳಂದ, ಅಫಜಲಪುರದ ಕಡೆ ಭೂಮಿಯೊಳಗೆ ಈ ಕರಿಕಲ್ಲೇ. ಜೇವರ್ಗಿ, ಶಹಾಬಾದ್ ಕಡೆ ಹೋದರೆ ಪದರಪದರವಾಗಿ ಏಳುವ ಸುಣ್ಣಕಲ್ಲು. ವಾಡೆ ಕಟ್ಟಿಸಿದವರು ಎರಡನ್ನೂ ತರಿಸಿದ್ದಾರೆ: ಗೋಡೆಗೆ ಇಲ್ಲಿಯದು, ನೆಲಕ್ಕೆ ಶಹಾಬಾದ್ ಫರಸಿ. ಮೂಲೆಗೆ ಒಂದು ದುಂಡನೆಯ ಹುಡೇವು, ಎಂದರೆ ಕಾವಲಿನ ಬುರುಜು. ದೊಡ್ಡ ಬಾಗಿಲಿಗೆ ಅಂಗೈ ಅಗಲದ ಕಬ್ಬಿಣದ ಮೊಳೆಗಳು, ಅದರಲ್ಲೇ ಬಗ್ಗಿ ಹೋಗುವಷ್ಟು ಸಣ್ಣ ದಿಡ್ಡಿ ಬಾಗಿಲು.

ಬೀಗ ತೆಗೆದವರು ವಾಡೆ ನೋಡಿಕೊಳ್ಳುವ ಕಾಕಾ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಗೇಣುದ್ದದ ಕೀಲಿಕೈ. ‘ಬರ್ರಿ. ಆದ್ರ ಒಳಗ ಏನಿಲ್ರಿ, ಎಲ್ಲಾ ಖಾಲಿ ಅದ’ ಎಂದರು.

ದಿಡ್ಡಿಯಲ್ಲಿ ಬಗ್ಗಿ ಒಳಗೆ ಕಾಲಿಟ್ಟರೆ ದೇವಡಿ. ಎರಡೂ ಬದಿಗೆ ಕಾವಲಿನವರು ಕೂರುವ ಕಟ್ಟೆ, ಮೇಲೆ ಕಮಾನು. ಕಣ್ಣಿಗೆ ಕತ್ತಲೆ ಒಗ್ಗುವ ಮೊದಲೇ ಕಿವಿಗೆ ಚಿರ್ರೆಂಬ ಗದ್ದಲ ಬಿತ್ತು. ಕಮಾನಿನ ಒಳಮೈಗೆ ಗರಿ, ನಾರು, ಅರಳೆ ಸೇರಿಸಿ ಮೆತ್ತಿದ ಗೂಡುಗಳು, ಒಂದಕ್ಕೊಂದು ಅಂಟಿಕೊಂಡು ಜೇಡಿಮಣ್ಣಿನ ಗಡಿಗೆಗಳ ಹಾಗೆ. ಬಾನಾಡಿಗಳು. ಜೊಲ್ಲೇ ಅವುಗಳ ಗಾರೆ. ಕಾಲಿನ ಬೆರಳು ಗೋಡೆಗೆ ಜೋತುಬೀಳಲು ಮಾತ್ರ ಸಾಕು, ಟೊಂಗೆಯ ಮೇಲೆ ಕೂರಲು ಬಾರದು. ಹಾಗಾಗಿ ಅವಕ್ಕೆ ಗಿಡ ಬೇಡ, ಎತ್ತರದ ಕಲ್ಲಿನ ಸೂರು ಬೇಕು. ಮೊದಲು ಎಲ್ಲಿದ್ದವೋ, ಕಮಾನು ಕಟ್ಟಿದ ಮೇಲೆ ಇಲ್ಲಿಗೆ ಬಂದಿರಬೇಕು. ಮಗ ನಲವತ್ತರ ತನಕ ಗೂಡು ಎಣಿಸಿ ಬಿಟ್ಟ.

ದೇವಡಿಯ ಗೋಡೆಯಲ್ಲಿ ಸಾಲಾಗಿ ಮರದ ಗೂಟಗಳಿವೆ. ಅವು ಯಾತಕ್ಕೆ ಎಂದು ಕೇಳಿದೆ. ಚಿಗರಿ ಕೊಂಬು ತೂಗುಹಾಕುತ್ತಿದ್ದರು ಎಂದರು ಕಾಕಾ, ಬಹಳ ಹಿಂದೆಯೇ ತೆಗೆದರಂತೆ. ಈಗಿನ ಕಾನೂನಿನಲ್ಲಿ ಅಂಥವನ್ನು ಸರಕಾರಕ್ಕೆ ತಿಳಿಸದೆ ಇಟ್ಟುಕೊಳ್ಳುವಂತಿಲ್ಲ. ಹಿಂದೆ ನಮ್ಮ ದೇಶದ ಸಂಸ್ಥಾನಗಳಲ್ಲಿ ಚೀತಾ ಸಾಕಿ, ಬಂಡಿಯಲ್ಲಿ ಕಣ್ಣುಕಟ್ಟಿ ಒಯ್ದು, ಚಿಗರಿ ಹಿಂಡಿನ ಮೇಲೆ ಬಿಡುತ್ತಿದ್ದರು. 1952ರಲ್ಲಿ ಚೀತಾ ಭಾರತದಲ್ಲಿ ಇನ್ನಿಲ್ಲ ಎಂದು ಘೋಷಣೆಯಾಯಿತು. ಬೇಟೆಯಾಡುವ ಪ್ರಾಣಿಯೇ ಅಳಿದು, ಬೇಟೆಯಾದದ್ದು ಇನ್ನೂ ಕಡಲೆ ಮೇಯುತ್ತಿದೆ. ಬೆಳಿಗ್ಗೆ ಕಂಡ ಕರಿ ಗಂಡನ್ನು ನೆನೆದು ಆ ಖಾಲಿ ಗೂಟಗಳನ್ನು ಎರಡು ಸಲ ಮುಟ್ಟಿ ನೋಡಿದೆ.

ದೇವಡಿಯಿಂದ ಮೊದಲನೇ ಚೌಕ. ನಡುವೆ ಬೇವಿನ ಗಿಡ, ಇಬ್ಬರು ತೆಕ್ಕೆ ಹಾಕಿದರೂ ಸಾಲದು. ಇಣಚಿಗಳು ಮೇಲೆ ಕೆಳಗೆ ಓಡಾಡುತ್ತಿದ್ದವು. ಗಿಡದ ಪೊಟರೆಯಿಂದ ದುಂಡು ತಲೆಯೊಂದು ಹೊರಗೆ ಬಂದು ನಮ್ಮನ್ನು ನೋಡಿ, ತಲೆ ಒಮ್ಮೆ ಮೇಲೆತ್ತಿ ಒಮ್ಮೆ ತಗ್ಗಿಸಿ, ಒಳಗೆ ಹೋಯಿತು. ಹಾಲಕ್ಕಿ. ಅತ್ತೆ ಕೈ ಮುಗಿದರು. ನಸುಕಿನಲ್ಲಿ ಬುಡಬುಡಕಿಯವರು ಬಂದು ಹಾಲಕ್ಕಿ ಶಕುನ ನುಡಿದಿದೆ ಎಂದು ಹೇಳುವಾಗ ಅದು ಯಾವ ಹಕ್ಕಿ ಎಂದು ನಾನು ನೋಡಿದ್ದೇ ಇಲ್ಲ. ಹಿಡಿಯಷ್ಟು ಗಾತ್ರದ, ಹಳದಿ ಕಣ್ಣಿನ ಈ ಸಣ್ಣ ಗೂಗೆಯೇ ಎಂದು ತಿಳಿಯಲು ನಲವತ್ತು ವರ್ಷ ಬೇಕಾಯಿತು.

ಚೌಕದ ಬಲಕ್ಕೆ ಪಾಗಾ, ಎಂದರೆ ಕುದುರೆ ಲಾಯ. ಈ ಪದ ನಮ್ಮ ಸೀಮೆಯ ಇತಿಹಾಸದೊಳಗೇ ಹೆಣೆದುಕೊಂಡಿದೆ. ನಿಜಾಮರ ರಾಜ್ಯದಲ್ಲಿ ಕುದುರೆ ದಂಡು ಸಾಕುವುದಕ್ಕೆಂದು ಜಹಗೀರು ಪಡೆದ ಅಮೀರರನ್ನು ಪಾಯಗಾ ಎನ್ನುತ್ತಿದ್ದರು. ಆಳಂದ ಅಂಥ ಪಾಯಗಾ ತಾಲ್ಲೂಕಾಗಿತ್ತು. ಪಾಯಗಾ, ಪಾಗಾ ಎರಡೂ ಒಂದೇ ಮೂಲದ ಮಾತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು, ಮರುವರ್ಷವೇ ಜಹಗೀರುಗಳು ರದ್ದಾದವು. ಊರೂರಿನ ವಾಡೆಗಳಲ್ಲಿ ಕುದುರೆ ಹೋಗಿ ಎತ್ತು ಬಂತು, ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಮಕ್ಕಳು ಓದಲು ಊರು ಬಿಟ್ಟರು. ಈ ಪಾಗಾದಲ್ಲೂ ಕುದುರೆಗೆ ಮೇವು ಹಾಕುತ್ತಿದ್ದ ಗ್ವಾದಲಿಗಳು ಹಾಗೇ ಇವೆ, ಕಲ್ಲು ಕುತ್ತಿಗೆ ಉಜ್ಜಿದ ಕಡೆ ನುಣುಪಾಗಿದೆ.

ಮೂರನೆಯ ಗ್ವಾದಲಿಯಲ್ಲಿ ಮಗಳಿಗೆ ಕರಿಯ ಉಂಡೆಗಳು ಕಂಡವು. ಹೆಬ್ಬೆರಳಿಗಿಂತ ದಪ್ಪ, ಹೊಸವಕ್ಕೆ ಮೆರುಗು ಬಳಿದ ಹಾಗೆ ಹೊಳಪು, ಹಳೆಯವು ಬೂದಿ ಬಣ್ಣಕ್ಕೆ ತಿರುಗಿ ಪುಡಿಯಾಗಿದ್ದವು. ಬೆಕ್ಕಿನ ಹೇಲು ಎಂದು ಮಗ ಮೂಗು ಮುಚ್ಚಿಕೊಂಡ. ವಾಸನೆ ಇರಲಿಲ್ಲ. ತಲೆ ಎತ್ತಿ ನೋಡಿದರೆ ನೇರ ಮೇಲೆ, ತೊಲೆ ಮತ್ತು ಗೋಡೆ ಕೂಡುವ ಕಡೆ, ಬೆಳಕಿಂಡಿಯ ಪಕ್ಕ, ಬಿಳಿ ಮುಖ. ಕೊಯ್ದ ಸೇಬಿನ ಹೋಳಿನಂಥ ಮುಖ, ಅದರಲ್ಲಿ ಎರಡು ಕಪ್ಪು ಕಣ್ಣು. ಹೋದ ವರ್ಷ ನನ್ನ ತಲೆಯ ಮೇಲೆ ಹಾದುಹೋದದ್ದು ಇದೇ ಇರಬೇಕು, ಅಥವಾ ಇದರ ಜೋಡಿ. ಕಣಜ ಗೂಬೆ. ಪಕ್ಕದಲ್ಲಿ ಇನ್ನೊಂದು ಇತ್ತೆಂದು ಮಗಳು ಹೇಳುತ್ತಾಳೆ. ನನಗೆ ಕಂಡದ್ದು ಒಂದೇ.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಗೂಗಿ ಮನೆ ಮೇಲೆ ಕೂತರೆ ಆ ಮನೆಗೆ ಒಳ್ಳೆಯದಲ್ಲ ಎಂದು ಕೇಳಿ ಬೆಳೆದವರು ಅವರು. ಹೊರಗೆ ಹೋಗೋಣ ಎಂದರು. ಒಂದು ಉಂಡೆಯನ್ನು ಕಾಗದದ ಮೇಲೆ ತೆಗೆದುಕೊಂಡು ಬೆಳಕಿಗೆ ಬಂದೆವು. ಬೇವಿನ ಕಟ್ಟೆಯ ಮೇಲೆ ಕೂತು, ಎರಡು ಕಡ್ಡಿಯಿಂದ ಬಿಡಿಸಿದೆವು. ಗೂಬೆ ಬೇಟೆಯನ್ನು ಇಡಿಯಾಗಿ ನುಂಗುತ್ತದೆ. ಜೀರ್ಣವಾಗದ ಕೂದಲು, ಎಲುಬು ಉಂಡೆಗಟ್ಟಿ ಬಾಯಿಂದಲೇ ಹೊರಗೆ ಬರುತ್ತದೆ. ಬೂದು ಕೂದಲಿನ ಮುದ್ದೆಯೊಳಗಿಂದ ಮೊದಲು ಸೂಜಿಯಂಥ ಪಕ್ಕೆಲುಬುಗಳು ಬಂದವು. ಆಮೇಲೆ ಒಂದು ತಲೆಬುರುಡೆ, ಕಡಲೆಕಾಯಿಯಷ್ಟು, ಮುಂದಿನ ಹಲ್ಲು ಕಿತ್ತಳೆ ಬಣ್ಣ, ಬಾಗಿದ ಉಳಿಯ ಹಾಗೆ. ಇನ್ನೊಂದು ಬುರುಡೆ. ಮತ್ತೆ ಅರ್ಧ ಮುರಿದದ್ದು ಒಂದು. ಒಂದೇ ಉಂಡೆಯಲ್ಲಿ ಮೂರು ಇಲಿ.

ಅತ್ತೆ ಹತ್ತಿರ ಬಂದು ಕನ್ನಡಕ ಏರಿಸಿ ನೋಡಿದರು. ‘ಒಂದು ರಾತ್ರಿಗೆ ಇಷ್ಟು ತಿಂತದ ಏನು?’ ಎಂದು ಕೇಳಿದರು. ರಾತ್ರಿಗೆ ಒಂದೋ ಎರಡೋ ಉಂಡೆ ಬೀಳುತ್ತವೆ ಎಂದೆ. ಅವರು ಗ್ವಾದಲಿಯ ಕಡೆ ತಿರುಗಿ ಬಹಳ ಹೊತ್ತು ನೋಡುತ್ತಿದ್ದರು. ಹಗೇವಿನ ಜೋಳ ಇಲಿ ತಿಂದು, ಮಳೆಗಾಲದಲ್ಲಿ ನೆರೆಮನೆಗೆ ಕಡ ಕೇಳಲು ಹೋದ ವರ್ಷವೊಂದು ಅವರ ತವರಿನಲ್ಲಿ ಇತ್ತು. ಆ ಸುದ್ದಿ ನಮಗೆ ಅವರು ಹೇಳಿದ್ದು ಅವತ್ತೇ ಮೊದಲು.

ಇಲ್ಲಿಂದ ಒಳಮನೆ. ಪಡಸಾಲೆ, ಅಡುಗೆಮನೆ, ದೇವರಮನೆ, ಹೆರಿಗೆ ಕೋಣೆ, ಹೆಚ್ಚಿನವಕ್ಕೆ ಬೀಗ. ಮಣ್ಣಿನ ಮಾಳಿಗೆಯ ಒಂದು ಭಾಗ ಮಳೆಗೆ ಕುಸಿದಿದೆ, ಆ ಕಡೆ ಹೋಗಬೇಡಿ ಎಂದರು ಕಾಕಾ. ಜಂತಿಯ ಸಂದಿನಲ್ಲಿ ಗುಬ್ಬಿಗಳು. ಹಗೇವಿನ ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿದೆ. ಅದನ್ನು ತೆಗೆಸಿ ತೋರಿಸಿ ಎಂದು ಮಗ ಹಟ ಮಾಡಿದ, ಕಾಕಾ ಒಪ್ಪಲಿಲ್ಲ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಹಿಂದೆ ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದದ್ದು ಎಂದು ತಿಳಿಸಿ ಹೇಳಿದರು. ಪಡಸಾಲೆಯ ಕಂಬದ ಮೇಲೆ ಕುಂಬಾರ ಹುಳ ಕಟ್ಟಿದ ಮಣ್ಣಿನ ಗಡಿಗೆ, ಅಡಿಕೆಯಷ್ಟು ದೊಡ್ಡದು, ಬಾಯಿಗೆ ಕಂಠ ಸಮೇತ. ಅದರೊಳಗೆ ಅದು ಮೊಟ್ಟೆ ಇಟ್ಟು, ಹಸಿರು ಹುಳುವನ್ನು ಕುಟುಕಿ ಮಂಪರು ಬರಿಸಿ ತಂದಿಟ್ಟು, ಬಾಯಿ ಮೆತ್ತಿ ಹೋಗುತ್ತದೆ. ಮರಿ ಎದ್ದಾಗ ಬುತ್ತಿ ಸಿದ್ಧ.

ಕಡಿದಾದ ಕಲ್ಲುಮೆಟ್ಟಿಲು ಹತ್ತಿ ಹುಡೇವಿನ ಮೇಲೆ ಬಂದಾಗ ಹತ್ತೂವರೆ. ಕಟ್ಟುವಾಗ ಅಟ್ಟಣಿಗೆಯ ಬೊಂಬು ತೂರಿಸಲು ಬಿಟ್ಟ ಚೌಕ ತೂತುಗಳು ಹುಡೇವಿನ ಹೊರಮೈಗೆ ಸಾಲುಸಾಲು ಇವೆ. ಗಿಣಿಗಳಿಗೆ ಜನವರಿ ಎಂದರೆ ಮನೆ ಹಿಡಿಯುವ ಕಾಲ. ಒಂದು ತೂತಿಗೆ ಎರಡು ಜೋಡಿ ಜಗಳ. ಒಂದು ಒಳಗೆ ಹೋಗಿ ತಲೆ ಹೊರಗಿಟ್ಟು ಕೂಗಿದರೆ, ಇನ್ನೊಂದು ಗೋಡೆಗೆ ಜೋತು ಕೊಕ್ಕು ಹಾಕುತ್ತದೆ. ಕೆಳಗಿನ ಸಾಲಿನ ತೂತೊಂದರಿಂದ ಕಂದು ಬಾಲ ಹೊರಗೆ ಚಾಚಿತ್ತು, ಗೇಣುದ್ದ, ಹುರುಪೆ ಇದ್ದದ್ದು. ಉಡ ಎಂದು ನಾವು ಬರೆದುಕೊಂಡೆವು. ಕೋಟೆ ಹತ್ತಲು ಉಡಕ್ಕೆ ಹಗ್ಗ ಕಟ್ಟುತ್ತಿದ್ದರೆಂಬ ಕತೆ ನಮ್ಮ ಮನೆಯವರು ಶುರುಮಾಡಿದರು. ಅರ್ಧ ಗಂಟೆ ಕಾದರೂ ಬಾಲ ಅಲುಗಲಿಲ್ಲ. ಹಾವು ಬಿಟ್ಟ ಪೊರೆಯೂ ಇರಬಹುದು. ಪ್ರಶ್ನಾರ್ಥಕ ಹಾಕಿದೆವು.

ಮೇಲಿಂದ ಹೊಲಗಳು ಹಾಸಿದ ಹಾಗೆ ಕಾಣುತ್ತವೆ, ಅದರಾಚೆ ಭೀಮೆಯ ಗೆರೆ. ಜೋಳದ ಮೇಲೆ, ತೆನೆಗೆ ತಾಗುವಷ್ಟು ಕೆಳಗೆ, ಹಕ್ಕಿಯೊಂದು ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು ತೇಲುತ್ತಿತ್ತು. ಹದ್ದು ಎಂದೆ ನಾನು. ಹದ್ದು ಇಷ್ಟು ಕೆಳಗೆ ಹೀಗೆ ಹುಡುಕಿಕೊಂಡು ಹೋಗುವುದಿಲ್ಲ ಎಂದಳು ಮಗಳು, ಪುಸ್ತಕ ತೆಗೆದಳು. ಸೆಳೆವ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ನಮ್ಮ ಎರೆಭೂಮಿಗೆ ಬಂದು, ರಾತ್ರಿ ನೆಲದ ಮೇಲೆ ಹುಲ್ಲಿನಲ್ಲೇ ಮಲಗುವ ಹಕ್ಕಿ. ಯಾವ ಜಾತಿಯ ಸೆಳೆವ ಎಂದು ತೀರ್ಮಾನಿಸುವಷ್ಟು ಅದು ಹತ್ತಿರ ಬರಲಿಲ್ಲ.

ಅತ್ತೆಗೆ ಬೇರೆಯದೇ ನೆನಪಾಗಿತ್ತು. ಚಿಕ್ಕವರಿದ್ದಾಗ ಕುಸುಬೆ ಹೊಲದಲ್ಲಿ ಕರುವಿನಷ್ಟು ಎತ್ತರದ ಹಕ್ಕಿ ನಡೆಯುತ್ತಿತ್ತಂತೆ. ಅವರ ಮುತ್ಯಾ ಅದನ್ನು ಎರೆಭೂತ ಎನ್ನುತ್ತಿದ್ದರಂತೆ. ಮಕ್ಕಳು ದೊಡ್ಡವರ ಕತೆ ಎಂದುಕೊಂಡು ನಕ್ಕರು. ಕತೆಯಲ್ಲ. ಎರೆಮಣ್ಣಿನ ಬಯಲಿನ ಹಕ್ಕಿಯಾದ್ದರಿಂದ ಕನ್ನಡದಲ್ಲಿ ಅದಕ್ಕೆ ಆ ಹೆಸರು. ಗಡಿಯಾಚೆ ಮರಾಠಿಯಲ್ಲಿ ಮಾಳಢೋಕ. ಇಲ್ಲಿಂದ ದೂರವಿಲ್ಲದ ಸೊಲ್ಲಾಪುರದ ನಾನ್ನಜ್‌ನಲ್ಲಿ ಅದಕ್ಕಾಗಿಯೇ 1979ರಲ್ಲಿ ಅಭಯಾರಣ್ಯ ಮಾಡಿದರು. ನೆಲದ ಮೇಲೆ, ಬಯಲಿನಲ್ಲಿ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ. ನೇಗಿಲು, ನಾಯಿ, ಬಂದೂಕು ಎಲ್ಲಕ್ಕೂ ಸಿಕ್ಕಿತು. ಕರ್ನಾಟಕದಲ್ಲಿ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಹುಡೇವಿನ ಮೇಲೆ ನಿಂತು ಕಣ್ಣು ಹಾಯುವಷ್ಟು ದೂರ ನೋಡಿದೆ. ಅತ್ತೆ ಎಂಟು ವರ್ಷದವರಿದ್ದಾಗ ಇದೇ ಬಯಲಿನಲ್ಲಿ ಅದು ನಡೆದಿತ್ತು ಎಂದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನೋಟ್‌ಬುಕ್ಕಿನಲ್ಲಿ ಅದನ್ನು ಬರೆಯಬೇಕೋ ಬೇಡವೋ ಎಂದು ಮಗಳು ಕೇಳಿದಳು. ಬೇರೆ ಹಾಳೆಯಲ್ಲಿ, ಆಯಿ ನೋಡಿದ್ದು ಎಂದು ಬರೆ ಎಂದೆ.

ಊಟಕ್ಕೆ ಹಿತ್ತಲಿನ ಬಾವಿಕಟ್ಟೆ. ಇಳಿಯಲು ಮೆಟ್ಟಿಲಿರುವ ಚೌಕ ಬಾವಿ, ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಲ್ಲಿನ ಚಾಚು ಇನ್ನೂ ಇದೆ, ಹಗ್ಗ ಕೊರೆದ ಗೀರು ಬೆರಳು ಹಿಡಿಸುವಷ್ಟು ಆಳ. ಬಾವಿಯ ಮೇಲೆ ಬಾಗಿದ ಜಾಲಿಯ ತುದಿಗೆ ಗೀಜಗನ ಗೂಡುಗಳು ತೂಗುತ್ತಿದ್ದವು. ಮಳೆಗಾಲದಲ್ಲಿ ಕಟ್ಟಿದವು, ಈಗ ಒಣಗಿ ಹೊಂಬಣ್ಣಕ್ಕೆ ತಿರುಗಿವೆ. ಗೀಜಗ ಖಾಲಿ ಮಾಡಿದ ಮನೆ, ಆದರೆ ಎರಡರೊಳಗೆ ರಾಟವಾಳ ಜಾತಿಯ ಸಣ್ಣ ಹಕ್ಕಿಗಳು ಹೋಗಿ ಬರುತ್ತಿದ್ದವು. ಕಟ್ಟುವ ಕಷ್ಟವಿಲ್ಲದೆ ಬಾಡಿಗೆಗೆ ಇಳಿದವು ಎಂದು ನಮ್ಮ ಮನೆಯವರು ಅಂದರು. ಬಿದ್ದಿದ್ದ ಒಂದು ಗೂಡನ್ನು ಮಗ ತಂದ. ಒಳಗೆ ಕೈಯಾಡಿಸಿದರೆ ಗೋಡೆಗೆ ಒಣಮಣ್ಣು ಮೆತ್ತಿದ್ದು ಸಿಕ್ಕಿತು. ಮಿಂಚುಹುಳ ಅಂಟಿಸಿ ದೀಪ ಮಾಡಿಕೊಳ್ಳಲು ಆ ಮಣ್ಣು ಎಂದು ನಾನು ಬಾಲ್ಯದಲ್ಲಿ ಕೇಳಿದ್ದು. ಹುಳದ ಗುರುತೇನೂ ಇರಲಿಲ್ಲ. ಬಾವಿಯ ಗೋಡೆಯ ಬಿರುಕಿನಿಂದ ಮಿಂಚುಳ್ಳಿ ಎರಡು ಸಲ ನೀರಿಗೆ ಬಿದ್ದು ಎದ್ದಿತು. ನೀರಹಾವು ತಲೆ ಮಾತ್ರ ಮೇಲಿಟ್ಟು ಇಡೀ ಬಾವಿ ಅಡ್ಡ ದಾಟಿತು. ಸಜ್ಜಿ ರೊಟ್ಟಿ ಭಜ್ಜಿಯ ಜೊತೆ ಕಾಕಾನೂ ಕೂತು ಉಂಡರು.

ಉಣ್ಣುವಾಗ ಕಾಕಾ ಒಂದು ಮಾತು ಹೇಳಿದರು. ಮನೆತನದವರು ಬರುವ ಬೇಸಿಗೆಯಲ್ಲಿ ವಾಡೆಯನ್ನು ದುರಸ್ತಿ ಮಾಡಿಸುವವರಿದ್ದಾರೆ. ಕುಸಿದ ಮಾಳಿಗೆ ಎತ್ತಿಸುವುದು, ಹುಡೇವಿನ ತೂತು ಸಿಮೆಂಟಿನಿಂದ ಮುಚ್ಚುವುದು, ಬೆಳಕಿಂಡಿಗೆಲ್ಲ ತಂತಿ ಜಾಳಿಗೆ ಹಾಕಿಸುವುದು. ಪಾರಿವಾಳದ ಹೊಲಸು ಅವರಿಗೆ ಸಾಕಾಗಿದೆ. ಅವರ ಮಾತು ತಪ್ಪು ಎಂದು ನಾನು ಹೇಳಲಾರೆ. ಮಾಳಿಗೆ ಎತ್ತಿಸದಿದ್ದರೆ ಇನ್ನು ಹತ್ತು ಮಳೆಗೆ ವಾಡೆಯೇ ಇರುವುದಿಲ್ಲ, ವಾಡೆ ಬಿದ್ದರೆ ಗೂಬೆಗೂ ಜಾಗವಿಲ್ಲ. ಆದರೆ ದೇವಡಿಯಿಂದ ಬಾವಿಯ ತನಕ ಅವತ್ತು ನಾವು ಕಂಡದ್ದೆಲ್ಲ ಇದ್ದದ್ದು ತೂತು, ಬಿರುಕು, ಕಿಂಡಿ, ಸಂದಿನಲ್ಲಿ. ಒಂದನ್ನೂ ಬಿಡದೆ ಮುಚ್ಚಿದರೆ ವಾಡೆ ಗಟ್ಟಿಯಾಗುತ್ತದೆ, ಕಾಕಾ ಬೆಳಿಗ್ಗೆ ಹೇಳಿದ ಹಾಗೆ ಖಾಲಿಯೂ ಆಗುತ್ತದೆ.

ಮಧ್ಯಾಹ್ನದ ಬ್ಯಾಸರದ ಹೊತ್ತು ಹಿತ್ತಲ ಹುಣಸಿ ಗಿಡಗಳ ಕೆಳಗೆ ಕಳೆಯಿತು. ಮೇಲೆ ತೊಗಲಬಾವಲಿಗಳು, ನೂರರ ಮೇಲೆ ಇರಬೇಕು, ತಲೆಕೆಳಗಾಗಿ ಜೋತು ರೆಕ್ಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದವು. ಮಕ್ಕಳು ನಿದ್ದೆ ಹೋದರು. ಗೋಡೆ ಬುಡದಲ್ಲಿ ಮುಂಗಲಿ ಒಂದು ಓಡಿತು, ನಾನೊಬ್ಬಳೇ ನೋಡಿದ್ದು.

ಐದರ ಹೊತ್ತಿಗೆ ಹೊಲಗಳ ಕಡೆಯಿಂದ ಹೋ ಹೋ ಎಂಬ ಕೂಗು, ಡಬ್ಬಿ ಬಡಿಯುವ ಸದ್ದು. ಅಟ್ಟಣಿಗೆ ಏರಿ ಜೋಳ ಕಾಯುವವರು ಕವಣೆ ಬೀಸುತ್ತಿದ್ದರು. ಎದ್ದದ್ದು ಒಂದು ಮೋಡ. ಗುಲಾಬಿ ಕಬ್ಬಕ್ಕಿಗಳು, ಮರಾಠಿ ಸೀಮೆಯವರು ಭೋರಡಿ ಎನ್ನುವವು. ಹೊಲದಿಂದ ಎದ್ದು, ಒಂದೇ ಬಟ್ಟೆ ಒದರಿದ ಹಾಗೆ ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ, ಕಪ್ಪಾಗಿ, ತೆಳ್ಳಗಾಗಿ, ಮತ್ತೆ ಕಪ್ಪಾಗಿ ನಮ್ಮ ತಲೆಯ ಮೇಲೆ ಹಾದು ಕಬ್ಬಿನ ಗದ್ದೆಯ ಆಚೆ ಇಳಿದವು. ಪೂರ್ವ ಯುರೋಪು, ಮಧ್ಯ ಏಷ್ಯಾದಲ್ಲಿ ಮಿಡತೆ ತಿಂದು ಮರಿ ಮಾಡಿ, ನಮ್ಮಲ್ಲಿಗೆ ಬಂದು ಏಪ್ರಿಲ್ ತನಕ ಇದ್ದು ಹೋಗುತ್ತವೆ. ಹಾಲುಗಾಳಿನ ಜೋಳ ಮನುಷ್ಯನಿಗೆ ಸೀತನಿ, ಅವಕ್ಕೂ ಸೀತನಿ. ಎಷ್ಟಿದ್ದವು ಎಂದು ಮಗಳು ಬರೆಯಲೇ ಇಲ್ಲ. ‘ಮೋಡ’ ಎಂದು ಬರೆದಳು.

ಹೊರಡೋಣ ಎಂದು ನಮ್ಮ ಮನೆಯವರು ಕೀಲಿ ತೆಗೆದರು. ಅತ್ತೆ ಬೇವಿನ ಕಟ್ಟೆ ಬಿಟ್ಟು ಏಳಲಿಲ್ಲ. ‘ತಡೀರಿ, ಅದು ಹೊರಗ ಬರಲಿ’ ಎಂದರು. ಬಾನಾಡಿಗಳು ಒಂದೊಂದಾಗಿ ದೇವಡಿಯೊಳಗೆ ಸೇರಿಕೊಂಡವು, ಹಾಲಕ್ಕಿ ಪೊಟರೆಯ ಬಾಯಿಗೆ ಬಂದು ಕೂತಿತು. ಪಾಗಾದ ಬೆಳಕಿಂಡಿಯಲ್ಲಿ ಬಿಳಿ ಕಂಡದ್ದು ಆರೂವರೆ ದಾಟಿದ ಮೇಲೆ. ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಚೌಕದ ಮೇಲೆ ಒಂದು ಸುತ್ತು ಬಂದು, ಗೋಡೆ ದಾಟಿ ಜೋಳದ ಕಡೆ ಹೋಯಿತು. ಸದ್ದಿಲ್ಲ. ಅದರ ಹಿಂದೆ ಎರಡನೆಯದು. ಮಗಳು ಹೇಳಿದ್ದು ನಿಜವಾಗಿತ್ತು.

ಬಾಗಿಲಿಗೆ ಬೀಗ ಹಾಕುತ್ತ ಕಾಕಾ ತಗ್ಗಿದ ದನಿಯಲ್ಲಿ, ‘ಸಾಹೇಬ್ರಿಗಿ ಫೋನ್ ಮಾಡ್ತೀರಲ್ಲ, ಪಾಗಾದ ಕಿಂಡಿಗಿ ಜಾಳಗಿ ಬ್ಯಾಡಂತ ಹೇಳ್ರಿ. ನಾ ಹೇಳಿದ್ರ ಕೇಳಂಗಿಲ್ಲ’ ಎಂದರು. ಮರುದಿನ ಫೋನಿನಲ್ಲಿ ಉಂಡೆಯ ಮಾತು, ಮೂರು ಇಲಿಯ ಮಾತು ಹೇಳಿದೆ. ಹುಡೇವಿನ ಮೇಲಿನ ಸಾಲಿನ ತೂತುಗಳನ್ನಾದರೂ ಬಿಡಿ ಎಂದೂ ಕೇಳಿಕೊಂಡೆ. ಅವರು ಸಮಾಧಾನದಿಂದ ಕೇಳಿದರು. ಪಾಗಾದ್ದು ಬಿಡಿಸೋಣ, ತೂತಿನ ವಿಷಯ ಮೇಸ್ತ್ರಿಯನ್ನು ಕೇಳಿ ನೋಡೋಣ ಎಂದರು.